ಬೀಗರ ಮೂರನೆಯ ಪ್ರಶ್ನೆ

ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ, ಆದರೂ ಬೀದಿಗೆ ಬೀದಿಯೇ ಅವರನ್ನು ಬೀಗರು ಎಂದು ಕರೆಯುತ್ತಿತ್ತು. ಅವರದು ಸಾಕುವ ಮೀನುಗಳ ಅಂಗಡಿ. ಅದರಲ್ಲೂ ದೊಡ್ಡ ಬೇಟೆಮೀನು ಸಾಕಿಕೊಂಡವರು ದೂರದಿಂದ ವಿಚಾರಿಸಿಕೊಂಡು ಬರುತ್ತಿದ್ದರು. ಅಷ್ಟುದ್ದದ ಟ್ಯಾಂಕಿನಲ್ಲಿ ಒಂಟಿ ಮೀನು ಅತ್ತಿಂದಿತ್ತ ಓಡಾಡುವುದನ್ನು ನೋಡಿ ನೋಡಿ ಮನೆಯವರ ಕರುಳು ಚುರುಕ್ ಎನ್ನುತ್ತದೆ, ಜೊತೆಗೊಂದು ಇರಲಿ ಅನ್ನಿಸುತ್ತದೆ. ಬೀಗರು ತಟ್ಟನೆ ಮೀನು ಹಿಡಿದು ಕವರಿಗೆ ಹಾಕುವವರಲ್ಲ. ಸ್ಟೂಲು ಎಳೆದು ಬಂದವರನ್ನು ಕೂರಿಸಿ, ಹೆಣ್ಣು ಕೊಡುವ ಮನೆಯವರ ಹಾಗೆ ವಿಚಾರಣೆ ಶುರುಮಾಡುತ್ತಿದ್ದರು. ಬೀಗರು ಎಂಬ ಹೆಸರು ಬಂದದ್ದು ಹಾಗೆ.

ಅವರ ಪ್ರಶ್ನೆಗಳು ಮೂರೇ. ಮೊದಲನೆಯದು, ಒಂದು ಇನ್ನೊಂದರ ಬಾಯಲ್ಲಿ ಹಿಡಿಸುತ್ತದೆಯೇ? ಹಿಡಿಸಿದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಎರಡನೆಯದು, ಯಾವ ಮಹಡಿಯ ವಾಸ? ನೀರಿಗೂ ಮಹಡಿಗಳಿವೆ, ಮೇಲಿನದು ಮೇಲೆ, ತಳದ್ದು ತಳದಲ್ಲಿ ಇದ್ದರೆ ಮುಖಾಮುಖಿಯೂ ಕಡಿಮೆ, ಜಗಳವೂ ಕಡಿಮೆ. ಮೂರನೆಯದು ಗುಣ. ಇದನ್ನು ಕೇಳುವಾಗ ಮಾತ್ರ ದನಿ ತಗ್ಗಿಸುತ್ತಿದ್ದರು. ಅಳತೆ ಕೂಡಿ, ಮಹಡಿ ಕೂಡಿ, ಗುಣ ಕೂಡದೆ ಹೋದರೆ ಬೆಳಗಾಗುವಷ್ಟರಲ್ಲಿ ಎರಡರಲ್ಲೊಂದು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ.

ಬ್ಯಾಂಕಿನ ಗುಮಾಸ್ತರೊಬ್ಬರು ತಮ್ಮ ದೊಡ್ಡ ಮೀನಿಗೆ ಜೊತೆ ಬೇಕೆಂದು ಬೆರಳುದ್ದದ ಕೆಂಪು ಮೀನುಗಳತ್ತ ಕೈ ತೋರಿಸಿದ್ದರು.

"ಸಾರ್, ಅದು ಜೊತೆ ಅಲ್ಲ, ತಿಂಡಿ" ಎಂದರು ಬೀಗರು. ವ್ಯಾಪಾರ ಕೈಬಿಟ್ಟು ಹೋಯಿತು. ಇಂಥ ವ್ಯಾಪಾರಗಳು ಬೇಕಾದಷ್ಟು ಹೋಗಿದ್ದವು, ಬೀಗರಿಗೆ ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು. ಮಹಡಿಯ ಮೇಲಿದ್ದ ಅಕ್ಕ ಮಾತ್ರ, "ಊರ ಮೀನಿಗೆಲ್ಲ ಸಂಸಾರ ಕಟ್ಕೊಟ್ಟೆ. ನಿನ್ನ ಕಥೆ ಯಾರಪ್ಪಾ ನೋಡೋರು?" ಎಂದು ಚುಚ್ಚುತ್ತಿದ್ದಳು.

ಬೀಗರದೇ ಒಂದು ಮೀನು ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು. ಅರೋವಾನ; ಬೆಳ್ಳಿಯ ಪಟ್ಟಿಯಂಥ ಮೈ, ಗಲ್ಲದ ಮೇಲೆರಡು ಮೀಸೆ. ನೀರಿನ ಮೇಲ್ಪದರಕ್ಕೆ ತಾಗಿಯೂ ತಾಗದಂತೆ ಹೋಗಿ, ಗೋಡೆ ಬಂದಲ್ಲಿ ಇಡೀ ಮೈ ಬಳುಕಿಸಿ ತಿರುಗುತ್ತಿತ್ತು. ಸಂಜೆ ಬೇರೆ ದೀಪಗಳನ್ನೆಲ್ಲ ಆರಿಸಿ ಟ್ಯಾಂಕಿನ ದೀಪವೊಂದನ್ನೇ ಉಳಿಸಿದರೆ ಸೂರಿನ ತುಂಬ ನೀರಿನ ನೆರಳು ಹರಿಯುತ್ತಿತ್ತು. ಬೀಗರು ಗೋಡೆಗೊರಗಿ ಕೂತು, ಕಣ್ಣು ಅರ್ಧ ಮುಚ್ಚಿ, ತಾವು ಗಾಜಿನ ಆಚೆಗಿದ್ದೇವೋ ಈಚೆಗಿದ್ದೇವೋ ಎಂಬುದನ್ನೇ ಮರೆಯುತ್ತಿದ್ದರು. ಆ ಮರೆವು ಅವರಿಗೆ ಬಹಳ ಇಷ್ಟವಾಗಿತ್ತು.

ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಟೈಲರಮ್ಮ ಮೊದಲು ಬಂದದ್ದು ಮೀನಿನ ಔಷಧಿಗೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹೆಂಗಸು. ಮಷೀನಿನ ಪಕ್ಕದಲ್ಲೊಂದು ಫ್ಲವರ್‌ಹಾರ್ನ್ ಸಾಕಿದ್ದರು, ಹಣೆಯ ಮೇಲೆ ದೊಡ್ಡ ಗುಬುಟು ಬೆಳೆಸಿಕೊಂಡ ಕೆಂಪು ಮೀನು. ಔಷಧಿಯಿಂದ ಶುರುವಾದ ಮಾತು ನೀರಿಗೆ, ನೀರಿನಿಂದ ನಿದ್ದೆ ಬಾರದಿರುವುದಕ್ಕೆ, ಅಲ್ಲಿಂದ ಇನ್ನೆಲ್ಲಿಗೋ ಹೋಯಿತು. ಬೀಗರು ಒಂದು ದಿನ ಟ್ಯಾಂಕಿನ ಗಾಜು ಒರೆಸುತ್ತ, ಆಕೆಯ ಮುಖ ನೋಡದೆ, "ನಮ್ಮನೆಗೇ ಬಂದ್ಬಿಡಿ. ಮದುವೆ ಮಾಡ್ಕೊಂಡು" ಎಂದುಬಿಟ್ಟರು.

"ನಾನು ಬಂದ್ರೆ ನನ್ನ ಮೀನೂ ಬರುತ್ತೆ. ಅದನ್ನ ಬಿಟ್ಟು ಬರಲ್ಲ. ನಿಮ್ಮದ್ರ ಜೊತೆ ಹೊಂದುತ್ತಾ ನೋಡಿ ಹೇಳಿ" ಎಂದರು ಟೈಲರಮ್ಮ.

ಅಂಗಡಿಯ ಹಿಂದೆ ಎರಡೇ ಕೋಣೆಯ ಮನೆ. ಅಷ್ಟು ದೊಡ್ಡ ಟ್ಯಾಂಕಿಗೆ ಇದ್ದದ್ದು ಒಂದೇ ಗೋಡೆ. ಬೀಗರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಒಂದರ ಬಾಯಲ್ಲಿ ಇನ್ನೊಂದು ಹಿಡಿಸುವುದಿಲ್ಲ, ಸರಿ. ಅರೋವಾನ ಮೇಲಿನ ಮಹಡಿ, ಫ್ಲವರ್‌ಹಾರ್ನ್ ಕೆಳಗಿನದು, ಅದೂ ಸರಿ. ಮೂರನೆಯ ಪ್ರಶ್ನೆಯನ್ನು ನುಂಗಿಕೊಂಡರು. ಗಾಜಿನಲ್ಲಿ ಕಾಣುವ ತನ್ನದೇ ಬಿಂಬದ ಮೇಲೆ ಏರಿಹೋಗುವ ಮೀನು ಫ್ಲವರ್‌ಹಾರ್ನ್. ಆ ಜಾತಿಗೆ ಒಂಟಿತನವೇ ಕ್ಷೇಮ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ಕಳಿಸಿದವರು ಅವರೇ.

"ಹೊಂದ್ಕೋಬಹುದು. ನಿಧಾನವಾಗಿ ಪರಿಚಯ ಮಾಡಿಸೋಣ" ಎಂದರು. ಹೇಳುವಾಗ ಕಿವಿ ಬಿಸಿಯಾಯಿತು.

ಟ್ಯಾಂಕಿನ ಮಧ್ಯೆ ತೂತುಗಳಿದ್ದ ಗಾಜಿನ ಅಡ್ಡಗೋಡೆ ಇಳಿಸಿ, ಒಂದು ಪಾಲಿಗೆ ಕೆಂಪು ಮೀನನ್ನು ಬಿಟ್ಟರು. ಅಂದಿನಿಂದ ಟೈಲರಮ್ಮ ಪ್ರತಿ ಸಂಜೆ ಅಂಚು ಹೊಲಿಯುವ ಬಟ್ಟೆ ಹಿಡಿದು ಬಂದು ಕೂರತೊಡಗಿದರು. ಆ ಸಂಜೆಗಳು ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತಿದ್ದವೋ ಬೀಗರಿಗೆ ತಿಳಿಯುತ್ತಿರಲಿಲ್ಲ. ಸೂರಿನ ನೆರಳು ಆಕೆಯ ಹಣೆಯ ಮೇಲೆ, ಸೂಜಿಯ ಮೇಲೆ, ಮಡಿಲಿನ ಬಟ್ಟೆಯ ಮೇಲೆ ಹರಿಯುತ್ತಿತ್ತು. ಮಾತು ನಿಂತಾಗ ಗಾಳಿಗುಳ್ಳೆಗಳು ಮಾತಾಡುತ್ತಿದ್ದವು. ಮನೆಯೇ ನೀರಿನಲ್ಲಿ ಮುಳುಗಿ ತಳ ಮುಟ್ಟಿ ಸುಮ್ಮನೆ ಕೂತಂತೆ ಇರುತ್ತಿತ್ತು. ಇದು ಮುಗಿಯದಿರಲಿ ಎಂದು ಬೀಗರು ಹಂಬಲಿಸಿದರು. ಅವರ ಆಯುಷ್ಯದಲ್ಲಿ ಅಷ್ಟು ಸುಖವಾದ ದಿನಗಳು ಬಂದಿರಲಿಲ್ಲ.

ಆದರೆ ಆಗಾಗ ಢಬ್ ಎಂಬ ಸದ್ದು ಬರುತ್ತಿತ್ತು. ಫ್ಲವರ್‌ಹಾರ್ನ್ ತನ್ನ ಗುಬುಟಿನಿಂದ ಅಡ್ಡಗಾಜಿಗೆ ಗುದ್ದುತ್ತಿತ್ತು. ಅರೋವಾನ ಮೂಲೆ ಸೇರಿತು. ಆಹಾರ ಬಿಟ್ಟಿತು. ಒಂದು ಬೆಳಗ್ಗೆ, ಬೆದರಿ ಗೋಡೆಗೆ ಉಜ್ಜಿಕೊಂಡಿತ್ತೋ ಏನೋ, ಅದರ ಹುರುಪೆಯೊಂದು ತಳದ ಮರಳಿನ ಮೇಲೆ ನಾಣ್ಯದ ಹಾಗೆ ಹೊಳೆಯುತ್ತ ಬಿದ್ದಿತ್ತು. ಬೀಗರು ಅದನ್ನೆತ್ತಿ, ಟೈಲರಮ್ಮನ ಕಣ್ಣಿಗೆ ಬೀಳದಂತೆ ಜೇಬಿಗಿಳಿಸಿದರು. ತಮ್ಮ ಬಗ್ಗೆ ತಮಗೇ ಅಸಹ್ಯವಾಯಿತು.

ಅದೇ ಸಂಜೆ ಟೈಲರಮ್ಮ ಕೇಳಿದರು, "ಪರಿಚಯ ಮಾಡ್ಸಿದ್ದು ಸಾಕಲ್ವಾ? ಗಾಜು ತೆಗೆದು ನೋಡೋಣ್ವಾ?"

ಬೀಗರು ಎದ್ದು ಅಡ್ಡಗೋಡೆಯ ಅಂಚು ಹಿಡಿದರು. ಎತ್ತಿದರೆ ಮೀನು ಹೋಗುತ್ತದೆ, ಎತ್ತದಿದ್ದರೆ ಈಕೆ ಹೋಗುತ್ತಾರೆ. ಕೆಂಪು ಮೀನು ಆಗಲೇ ಗಾಜಿನ ಬುಡದಲ್ಲಿ ಕಾದು ನಿಂತಿತ್ತು. ಅರೋವಾನ ಮೂಲೆಯಲ್ಲಿ ಮೀಸೆ ಇಳಿಬಿಟ್ಟು ಅಲುಗಾಡದೆ ಇತ್ತು. ಬೀಗರು ಅಂಚು ಬಿಟ್ಟು, ನೀರಿನಿಂದ ಕೈ ಹೊರತೆಗೆದರು.

"ಬೇಡ" ಎಂದರು. "ಇವೆರಡೂ ಯಾವತ್ತೂ ಕೂಡಲ್ಲ. ಮೊದಲ ದಿನಾನೇ ನಂಗೊತ್ತಿತ್ತು. ಹೇಳಿದ್ರೆ ನೀವು ಬರಲ್ಲ ಅಂತ ಭಯ ಆಯ್ತು. ಅದಕ್ಕೇ ಸುಳ್ಳು ಹೇಳ್ದೆ."

ಟೈಲರಮ್ಮ ಅಂಚು ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಡಿದರು. "ಬೆರಳುದ್ದ ಇದ್ದಾಗಿಂದ ಸಾಕಿದೀನಿ. ಅದರ ಬುದ್ಧಿ ನಂಗೊತ್ತಿಲ್ವಾ?"

"ಗೊತ್ತಿದ್ದೂ ದಿನಾ ಬಂದ್ರಾ?"

"ಮೀನು ನೋಡೋಕೆ ಬರ್ತಿದೀನಿ ಅಂದ್ಕೊಂಡಿದ್ರಾ? ನೀವು ಬಾಯಿ ಬಿಟ್ಟು ನಿಜ ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ. ಸುಳ್ಳು ಹೇಳೋ ಗಂಡಸಿನ ಜೊತೆ ಒಂದು ಸಲ ಸಂಸಾರ ಮಾಡಿ ಸಾಕಾಗಿದೆ."

ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಆದ್ರೆ ಇನ್ನೊಂದು ಟ್ಯಾಂಕ್ ಇಡೋಕೆ ಮನೇಲಿ ಜಾಗ ಎಲ್ಲಿದೆ?" ಎಂದರು ಬೀಗರು.

"ಇದೆ. ಹೋದ ವಾರ ನೀವು ಅಂಗಡೀಲಿದ್ದಾಗ ಅಳತೆ ತಗೊಂಡೆ. ಒಳಗಡೆ ನಿಮ್ಮ ಒಂಟಿ ಮಂಚ ಇದೆಯಲ್ಲ, ಸರಿಯಾಗಿ ಅಷ್ಟೇ ಉದ್ದ."

"ಮಂಚ ತೆಗೆದ್ರೆ ನಾನೆಲ್ಲಿ ಮಲಗ್ಲಿ?"

ಟೈಲರಮ್ಮ ಬಟ್ಟೆ ಮಡಚುತ್ತ, ಅವರ ಮುಖ ನೋಡದೆ ಹೇಳಿದರು, "ಇಬ್ಬರು ಹಿಡಿಸೋ ಅಂಥದ್ದು ಒಂದು ಮಾಡಿಸೋಕೆ ಬಡಗಿಗೆ ಹೇಳಿ ಬಂದಿದೀನಿ."