ದುವಾ, ದವಾ, ದಾವಾ

ಕಳೆದ ಶುಕ್ರವಾರ ನಾನು ಕರಿ ಕೋಟು ತೊಟ್ಟು, ಬಗಲಲ್ಲಿ ಫೈಲು ಇಟ್ಟುಕೊಂಡು ಪ್ರಾರ್ಥನೆಗೆ ಹೋದೆ.

ನಗಬೇಡಿ. ತಪ್ಪು ನನ್ನದಲ್ಲ, ಸುರಪುರದ ನಮ್ಮ ರಂಗಂಪೇಟೆಯಲ್ಲಿ ಡಂಗುರ ಸಾರುವ ಹುಸೇನಿಯದು. (ಅವನ ಬಾಯಲ್ಲಿ ಹಲ್ಲಿಗಿಂತ ಎಲೆಯಡಿಕೆ ಹೆಚ್ಚು.) ಹೋದ ತಿಂಗಳ ನೆರೆಯಲ್ಲಿ ಊರೂರಲ್ಲಿ ಜನ ಸತ್ತರಲ್ಲ, ಅವರಿಗಾಗಿ ಶುಕ್ರವಾರ ಇಡೀ ಮುಲ್ಕಿನ, ಅಂದರೆ ಸಂಸ್ಥಾನದ, ಜನ ಅವರವರ ದೇವರಲ್ಲಿ ಬೇಡಿಕೊಳ್ಳಬೇಕೆಂದು ಹೈದರಾಬಾದಿನಿಂದ ಹುಕುಂ ಬಂದಿತ್ತು. ಉರ್ದುವಿನಲ್ಲಿ ಅದು ದುವಾ. ಹುಸೇನಿ ಓಣಿ ಓಣಿಯಲ್ಲಿ ಹಲಗೆ ಬಡಿದು ಏನು ಕೂಗಿದನೋ, ಆ ಎಲೆಯಡಿಕೆಗೇ ಗೊತ್ತು. ನನ್ನ ಕಿವಿಗೆ ಬಿದ್ದದ್ದು 'ದಾವಾ'.

ವಕೀಲನ ಕಿವಿ ನೋಡಿ! ಸತ್ತವರ ಪರವಾಗಿ ಸರ್ಕಾರವೇ ದಾವೆ ಹೂಡುತ್ತಿದೆ ಎಂದುಕೊಂಡೆ. ಯಾರ ಮೇಲೆ? ಕೃಷ್ಣಾ ಹೊಳೆಯ ಮೇಲೆಯೇ? ಅಷ್ಟೆಲ್ಲ ಯೋಚಿಸುವವನು ವಕೀಲಿ ಯಾಕೆ ಮಾಡುತ್ತಾನೆ ಹೇಳಿ.

ಸುರಪುರದ ಕಚೇರಿ ಬಯಲಿಗೆ ಹೋಗಿ ನೋಡಿದರೆ ನಾನೇ ವಾಸಿ. ಅರ್ಧ ಊರು ಶೀಸೆ, ಚೆಂಬು ಹಿಡಿದು ನಿಂತಿತ್ತು. ಅವರಿಗೆ ಕೇಳಿದ್ದು 'ದವಾ', ಅಂದರೆ ಔಷಧ. ನೆರೆ ಇಳಿದ ಮೇಲೆ ಮನೆಮನೆಗೂ ಜ್ವರ. ಸರ್ಕಾರ ಔಷಧ ಹಂಚುತ್ತದೆ ಎಂದು ಬಂದಿದ್ದರು. ತಹಸೀಲ್ದಾರ್ ಸಾಹೇಬರು ಗುಮಾಸ್ತನಿಂದ ವಿಷಯ ಬಿಡಿಸಿ ಹೇಳಿಸಿದಾಗ ಬಯಲೆಲ್ಲ ನಕ್ಕಿತು. ನಾನು ಮೆಲ್ಲಗೆ ಫೈಲನ್ನು ಬೆನ್ನ ಹಿಂದೆ ಸರಿಸಿದೆ. (ಹುಕುಂ ಕೊಟ್ಟು ಅಳಿಸಲು ಹೊರಟರೆ ಹೀಗೇ ಆಗುವುದು ಎಂದು ಮನಸ್ಸಿನಲ್ಲಿ ಬೈದುಕೊಂಡೆ ಕೂಡ.)

ನಗು ನಿಂತದ್ದು ಭೀಮವ್ವನನ್ನು ಕಂಡು. ಹೊಳೆ ದಂಡೆಯ ಹಳ್ಳಿಯವಳು. ಗಂಡ ಹಣಮಂತ ಹರಗೋಲು ನಡೆಸುತ್ತಿದ್ದ. ನೆರೆಯ ದಿನ ಹರಗೋಲು ಮಗುಚಿತು. ಜೊತೆಗಿದ್ದವರ ಹೆಣ ಸಿಕ್ಕವು, ಹಣಮಂತನದು ಇಂದಿಗೂ ಸಿಕ್ಕಿಲ್ಲ. ಅವಳ ಕೈಯಲ್ಲೂ ಒಂದು ಶೀಸೆ. ಗಂಡ ಎಲ್ಲೋ ದಂಡೆಗೆ ಬಿದ್ದು ಸರ್ಕಾರದವರ ಕೈಗೆ ಸಿಕ್ಕಿದ್ದಾನೆ, ಔಷಧ ಅವನಿಗೇ ಎಂದು ನಂಬಿ ಬಂದಿದ್ದಳು.

ಹುಸೇನಿ ಅವಳ ಹತ್ತಿರ ಹೋದ. "ದವಾ ಅಲ್ಲ ತಂಗಿ, ದುವಾ. ನನ್ನಿಂದ ತಪ್ಪಾಗ್ಯದ. ಸತ್ತವರ ಹೆಸರ ಕೂಗಿ ದೇವರಿಗಿ ಬೇಡಿಕೊಳ್ಳೂದು."

"ಅದರಾಗ ಇವರ ಹೆಸರೂ ಅದ ಏನಣ್ಣಾ?"

ಉತ್ತರ ಕೊಟ್ಟವನು ಅವಳ ಭಾವ ನಾಗಪ್ಪ. "ಅದ. ಇರಬೇಕು. ಸರ್ಕಾರನೇ ಸತ್ತಾನಂತ ಕೂಗಿದ ಮ್ಯಾಲ ಮುಗೀತು. ಮನ್ಯಾಗಿನ ಸೂತಕ ಕಳೀಬೇಕು."

ಮುಗೀತು ಅಂದರೆ? ಅಂದು ಸಂಜೆಯೇ ಹೊಳೆ ದಂಡೆಯಲ್ಲಿ ಭೀಮವ್ವನ ಬಳೆ ಒಡೆಯುತ್ತಾರೆ. ಅಲ್ಲಿದ್ದವರಿಗೆಲ್ಲ ಅದು ಗೊತ್ತು. ಅವಳ ಕೈ ತಾನಾಗಿ ಸೆರಗಿನೊಳಗೆ ಹೋಯಿತು.

ನಾಗಪ್ಪನ ಮೇಲೆ ಸಿಟ್ಟಾಗಬೇಡಿ. ಅವನೂ ತಮ್ಮನನ್ನು ಕಳಕೊಂಡವನು. ಹೆಣವಿಲ್ಲದ ಸಾವು ಮನೆಯಲ್ಲಿ ಬಂದು ಕೂತರೆ ಹಿರಿಯನಾದವನು ಏನು ಮಾಡಬೇಕು?

ಕರಿ ಕೋಟು ಹೇಗೂ ಮೈಮೇಲಿತ್ತಲ್ಲ, ಲಾ ಪಾಯಿಂಟ್ ಎತ್ತಿದೆ. "ನಾಗಪ್ಪಾ, ಹೆಣ ಸಿಗದಿದ್ರ ಕಾಯ್ದೆ ಏಳು ವರ್ಷ ಕಾಯ್ತದ."

"ಏಳು ವರ್ಷ ಸೂತಕ ಹಿಡೀಬೇಕೇನ್ರಿ ವಕೀಲರ?"

ಕೇಸು ವಜಾ.

ಆಗ ಭೀಮವ್ವನೇ ಮುಂದೆ ಬಂದಳು. ಹುಸೇನಿಯ ಕಡೆ ತಿರುಗಿದಳು. "ಅಣ್ಣಾ, ಸತ್ತಾರ ಅನಬ್ಯಾಡ. ಹೊಳಿಗಿ ಹೋಗ್ಯಾರ ಅಂತ ಕೂಗು. ಅದರಾಗ ಸುಳ್ಳಿಲ್ಲ."

ಹೊಳಿಗಿ ಹೋಗ್ಯಾರ. ನಮ್ಮ ಕಡೆ ನೀರು ತರಲು ಹೋದವರಿಗೂ, ಮೀನು ಹಿಡಿಯಲು ಹೋದವರಿಗೂ ಇದೇ ಮಾತು. ಹೋದವರು ಊಟದ ಹೊತ್ತಿಗೆ ಬರುತ್ತಾರೆ. ಬಾರದೆಯೂ ಇರಬಹುದು.

ಹುಸೇನಿ ತಹಸೀಲ್ದಾರರ ಮುಖ ನೋಡಿದ. ಹುಕುಮಿನಲ್ಲಿ ಇದ್ದದ್ದು 'ಸತ್ತವರು' ಎಂದೇ. ಸಾಹೇಬರು ಎತ್ತಲೋ ನೋಡುತ್ತ, ಹೊತ್ತಾಯಿತು, ಶುರು ಮಾಡು ಎಂದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಅರ್ಥವಾಗಿರಲಿಲ್ಲವೇ? ಚೆನ್ನಾಗಿ ಅರ್ಥವಾಗಿತ್ತು ಎಂದು ನಾನು ಪಂದ್ಯ ಕಟ್ಟುತ್ತೇನೆ.

ಹುಸೇನಿ ಎಲೆಯಡಿಕೆ ಉಗುಳಿ, ಬಾಯಿ ಮುಕ್ಕಳಿಸಿ ಬಂದ. (ಇದನ್ನು ಸುರಪುರ ಮೊದಲ ಸಲ ಕಂಡಿತು.) ಹಲಗೆ ಬಡಿದ. ಒಂದಕ್ಷರವೂ ತಪ್ಪದ ಹಾಗೆ ಕೂಗಿದ: "ಹಣಮಂತ ಹೊಳಿಗಿ ಹೋಗ್ಯಾನ."

ಮುಂದಿನ ಹೆಸರು ಒಬ್ಬ ಮುದುಕಿಯ ಮಗನದು. ಅವನ ಹೆಣ ಸಿಕ್ಕಿತ್ತು, ಮಣ್ಣೂ ಆಗಿತ್ತು. ಮುದುಕಿ ಎದ್ದು ನಿಂತಳು.

"ನನ್ನ ಮಗನಿಗೂ ಹಂಗ ಕೂಗಪಾ."

ಕೂಗಿದ. ಆಮೇಲೆ ಎಲ್ಲರ ಹೆಸರಿಗೂ ಅದೇ ಮಾತು. ಶೀಸೆ, ಚೆಂಬುಗಳನ್ನು ಕಾಲ ಬಳಿ ಇಟ್ಟು ಕೆಲವರು ಅಂಗೈ ಬಿಚ್ಚಿ ನಿಂತರು, ಕೆಲವರು ಕೈ ಮುಗಿದು ನಿಂತರು. ಮಾತು ಮಾರಿ ಹೊಟ್ಟೆ ಹೊರೆಯುವವನು ನಾನು, ಸುಲಭಕ್ಕೆ ಕರಗುವ ಆಸಾಮಿಯಲ್ಲ. ಆದರೂ ಹೇಳುತ್ತೇನೆ, ಈ ಜನರ ನಡುವೆ ಬದುಕಿದ್ದೇನಲ್ಲ ಎಂದು ಅಂದು ಹೆಮ್ಮೆಯಾಯಿತು.

ಸಂಜೆ ಯಾರೂ ಹೊಳೆ ದಂಡೆಗೆ ಹೋಗಲಿಲ್ಲವಂತೆ. ಸೂತಕದ ಗತಿ ಏನಾಯಿತು? ಹೊಳೆಗೆ ಹೋದವರಿಗೆ ಸೂತಕ ಎಲ್ಲಿಯದು ಎಂದು ಹಿರಿಯರು ಸಮಾಧಾನ ಮಾಡಿಕೊಂಡಿರಬೇಕು. ನಾನು ಕೇಳಲು ಹೋಗಲಿಲ್ಲ.

ನಿನ್ನೆ ಸಂತೆಯಲ್ಲಿ ಭೀಮವ್ವ ಬಳೆಗಾರನ ಮುಂದೆ ಕೂತು ಕೈ ಚಾಚಿದ್ದಳು. ಪಕ್ಕದಲ್ಲಿ ನಿಂತು, ಹಸಿರು ಬಳೆಗೆ ಚೌಕಾಸಿ ಮಾಡುತ್ತಿದ್ದವನು ನಾಗಪ್ಪ.