ಎಳೆದು ನೋಡುವ ಅಕ್ಕ
ಕೃತಕ ಮಂಡಿಗಳಿಗೆ ನಾವು ಬಳಿಯುವ ತೆಳುಪದರ ಲೋಹಕ್ಕೆ ಎಷ್ಟು ಗಟ್ಟಿಯಾಗಿ ಅಂಟಿದೆ ಎಂದು ಅಳೆಯುವವರು ನಮ್ಮ ಕಾರ್ಖಾನೆಯ ಅಕ್ಕ. ಮಾದರಿ ತುಂಡಿನ ಪದರಕ್ಕೆ ಬಿಲ್ಲೆಯೊಂದನ್ನು ಅಂಟಿಸಿ, ಅದು ಕಿತ್ತುಬರುವವರೆಗೂ ಯಂತ್ರದಿಂದ ಎಳೆಸುತ್ತಾರೆ. ಡಬ್ಬಿಯ ಚೀಟಿ, ಗೋಡೆಯ ಸುಣ್ಣ ಯಾವುದೂ ಅವರ ಉಗುರಿನಿಂದ ಪಾರಾಗಿಲ್ಲ. ಅಳಿಯನ ಹೊಸ ಕಾರಿನ ಬಣ್ಣವನ್ನೂ ಕೆರೆದು ನೋಡಿ ಮಗಳಿಂದ ಬೈಸಿಕೊಂಡವರು. ನಾನು ಬಳಿದ ಪದರ ಮೂರು ಸಲವೂ ಬೇಗನೆ ಕಿತ್ತುಬಂದು ನನ್ನ ಮುಖ ಸಪ್ಪಗಾದಾಗ, "ಅಯ್ಯೋ ಅಳುಮುಂಜಿ, ಯಾರದೋ ಕಾಲೊಳಗೆ ಕಿತ್ಕೊಳ್ಳೋ ಬದಲು ಇಲ್ಲೇ ಕಿತ್ಕೊಂಡ್ತಲ್ಲ! ಲೋಹನ ಚೆನ್ನಾಗಿ ತೊಳೆದು ಮತ್ತೆ ಬಳಿ," ಎಂದರು. ನಿನ್ನೆ ನಾಲ್ಕನೆಯ ಸಲ ಬಳಿದದ್ದನ್ನು ಎಳೆದಾಗ ಬಿಲ್ಲೆಯ ಅಂಟೇ ಸೋತಿತು, ಪದರ ಅಲ್ಲಾಡಲಿಲ್ಲ. ಅಕ್ಕ ಮೇಜು ಹಿಡಿದುಕೊಂಡು, ನೋಯುವ ಮಂಡಿಗಳ ಮೇಲೆ ಮೆಲ್ಲಗೆ ಎದ್ದು ನಿಂತರು. "ಎರಡು ವರ್ಷದಿಂದ ಆಪರೇಷನ್ ಬೇಡ ಅಂತಿದ್ದೆ ಕಣೋ. ತಡಿ, ಒಪ್ಕೊಂಡೆ ಅಂತ ಮಗಳಿಗೆ ಫೋನ್ ಮಾಡ್ತೀನಿ. ನಂಗೂ ನಮ್ಮ ಮಂಡಿನೇ ಹಾಕ್ಲಿ!"