ಫಿರಂಗಿ ಎಳೆದ ತಳಿಯ ಎದುರು

ಈಟಿಯಂತಹ ಕೊಂಬು ತಗ್ಗಿಸಿಕೊಂಡು ಹಸು ನನ್ನ ಕಡೆಗೇ ಬರುತ್ತಿತ್ತು. ಅಜ್ಜಂಪುರದ ಹೊರಗಿನ ಹುಲ್ಲುಗಾವಲಿನಲ್ಲಿ, ಪೊದೆಯೊಂದರ ನೆರಳಲ್ಲಿ ಕೂತು ಆಗಷ್ಟೇ ಚಿತ್ರಾನ್ನದ ಡಬ್ಬಿ ತೆರೆದಿದ್ದೆ. ರಾಜರ ಕಾಲದಲ್ಲಿ ಯುದ್ಧಕ್ಕೆ ಫಿರಂಗಿ ಎಳೆದ ಅಮೃತಮಹಲ್ ತಳಿಯನ್ನು ಕಣ್ಣಾರೆ ನೋಡಬೇಕೆಂದು ಬೀರೂರಿನಿಂದ ಬಸ್ಸು ಹತ್ತಿ ಬಂದವಳು ನಾನು. ಇಷ್ಟು ಹತ್ತಿರದಿಂದ ನೋಡುವ ಆಸೆಯೇನೂ ಇರಲಿಲ್ಲ.

"ಅಲ್ಲಾಡ್ಬೇಡಿ ಕಣಮ್ಮಾ, ಹಂಗೇ ಕೂತ್ಕಳಿ," ಎಂದು ದನ ಕಾಯುವ ಯಜಮಾನರು ದೂರದಿಂದ ಕೂಗಿದರು. ಡಬ್ಬಿಯನ್ನು ಎದೆಗೊತ್ತಿಕೊಂಡು ಕೂತಲ್ಲೇ ಕೂತೆ.

ಹಸು ಎರಡು ಮಾರು ದೂರದಲ್ಲಿ ನಿಂತು ಬುಸುಗುಟ್ಟಿತು. ಆಗ ನನ್ನ ಬೆನ್ನ ಹಿಂದೆಯೇ ಹುಲ್ಲು ಅಲುಗಾಡಿತು. ತಾಯಿ ಬಚ್ಚಿಟ್ಟು ಮೇಯಲು ಹೋಗಿದ್ದ ಎಳೆಗರು ಎದ್ದು, ನನ್ನನ್ನು ದಾಟಿ ಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ಹಸು ಅದರ ಬೆನ್ನು ನೆಕ್ಕತೊಡಗಿತು. ನನ್ನತ್ತ ಮತ್ತೆ ನೋಡಲೂ ಇಲ್ಲ.

ಓಡಿ ಬಂದ ಯಜಮಾನರು ನನ್ನ ಪಕ್ಕದಲ್ಲೇ ಕುಸಿದು ಕೂತರು. "ನನ್ಗೂ ಜೀವ ಬಾಯಿಗೆ ಬಂದಿತ್ತು ಕಣಮ್ಮಾ. ಕರು ಹಾಕಿದ್ಮೇಲೆ ಅದು ನನ್ನ ಮಾತೂ ಕೇಳಲ್ಲ." ಇಬ್ಬರೂ ಚಿತ್ರಾನ್ನ ಹಂಚಿಕೊಂಡು ತಿಂದೆವು.

ಫಿರಂಗಿ ಎಳೆದ ಎತ್ತುಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವೂ ಒಂದು ಕಾಲಕ್ಕೆ ಹೀಗೇ ಹುಲ್ಲಿನಲ್ಲಿ ಅಡಗಿ ಅಮ್ಮನಿಗಾಗಿ ಕಾದಿದ್ದವು ಎಂದು ನನಗೆ ಯಾರೂ ಹೇಳಿರಲಿಲ್ಲ.